ಖಾತೆದಾರರ ಬಾಯಿಂದಲೇ ಬರಬೇಕಾದ ಮಾತು

ಜೂನ್ ತಿಂಗಳ ಕೊನೆಯ ಗುರುವಾರ, ಬೆಳಗ್ಗೆ ಎಂಟೂವರೆ ಗಂಟೆ. ಸ್ಥಳ, ಹೊನ್ನಾಳಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮಹಡಿ ಮೇಲಿರುವ ನಮ್ಮ ಶೇರು ಕಚೇರಿ. ಹಾಜರಿದ್ದವರು ನಾಲ್ವರು. ನಾನು, ಅಂದರೆ ಗಿರಿಜಮ್ಮ. ಮರುದಿನದಿಂದ ನನ್ನ ಕುರ್ಚಿಯಲ್ಲಿ ಕೂರಬೇಕಿದ್ದ ನ್ಯಾಮತಿಯ ಹುಡುಗಿ ಕಾವ್ಯ. ಗ್ರಾಹಕರಾದ ಬಷೀರ್ ಸಾಬರು. ಅವರ ಪತ್ನಿ ಮೆಹರುನ್ನೀಸಾ. ಅದು ನನ್ನ ಕೆಲಸದ ಕೊನೆಯ ದಿನ.

ಆ ದಿನ ತೀರ್ಮಾನ ಆಗಬೇಕಿದ್ದ ವಿಷಯ ಒಂದೇ. ಮೆಹರುನ್ನೀಸಾ ಅವರ ಖಾತೆಯಲ್ಲಿ ಒಂದು ಸೆಮಿಕಂಡಕ್ಟರ್ ಕಂಪನಿಯ ಸಾವಿರದ ಇನ್ನೂರು ಶೇರುಗಳಿದ್ದವು. ಮದುವೆಯಾದಾಗಿನಿಂದ ಗಂಡಹೆಂಡತಿ ಬಾಡಿಗೆಗೆ ಹಿಡಿದಿದ್ದ ಅಂಗಡಿಯನ್ನು ಅದರ ಮಾಲೀಕರ ಮಕ್ಕಳು ಮಾರಲು ಹೊರಟಿದ್ದರು. ಶುಕ್ರವಾರ ಸಂಜೆಯೊಳಗೆ ಮುಂಗಡ ಕೊಟ್ಟರೆ ನಿಮಗೆ, ಇಲ್ಲದಿದ್ದರೆ ಮೊಬೈಲ್ ಷೋರೂಮಿನವರಿಗೆ ಎಂದು ಹೇಳಿ ಹೋಗಿದ್ದರು. ಶೇರು ಮಾರಿದ ಹಣ ಕೈಗೆ ಸಿಗುವುದು ಮರುದಿನ. ಹಾಗಾಗಿ ಮಾರುವುದಾದರೆ ಗುರುವಾರವೇ ಮಾರಬೇಕು. ಶೇರು ನೋಡಿದರೆ ವಾರದಿಂದ ಲೋಯರ್ ಸರ್ಕ್ಯೂಟಿನಲ್ಲಿ ಬಿದ್ದುಕೊಂಡಿತ್ತು.

ಈ ಕೆಲಸಕ್ಕೆ ಬರುವ ಹೊಸಬರಿಗೆ ಇದನ್ನು ಬಿಡಿಸಿ ಹೇಳಬೇಕು. ಸಣ್ಣ ಕಂಪನಿಯ ಶೇರು ಒಂದು ದಿನದಲ್ಲಿ ಇಷ್ಟಕ್ಕಿಂತ ಕೆಳಗೆ ಬೀಳಬಾರದು ಎಂದು ಶೇರು ವಿನಿಮಯ ಕೇಂದ್ರದವರು ಗೆರೆ ಎಳೆದಿರುತ್ತಾರೆ. ಆ ಗೆರೆ ಮುಟ್ಟಿದ ಮೇಲೆ ಮಾರುವವರೆಲ್ಲ ಒಂದೇ ಬೆಲೆಗೆ ಸಾಲುಗಟ್ಟಿ ನಿಲ್ಲುತ್ತಾರೆ, ಕೊಳ್ಳುವವರು ಇರುವುದಿಲ್ಲ. ಅಲ್ಲೊಬ್ಬ ಇಲ್ಲೊಬ್ಬ ಕೊಳ್ಳಲು ಬಂದರೆ ಸಾಲಿನಲ್ಲಿ ಮೊದಲು ನಿಂತವರ ಮಾಲು ಮೊದಲು ಹೋಗುತ್ತದೆ. ಸಾಲಿನ ಬಾಗಿಲು ತೆರೆಯುವುದು ಬೆಳಗ್ಗೆ ಒಂಬತ್ತಕ್ಕೆ. ಒಂಬತ್ತಕ್ಕೆ ಅಲ್ಲಿರಬೇಕು, ತಡವಾದರೆ ಕೆಲಸವಿಲ್ಲ.

"ಇನ್ನೊಂದು ವಾರ ಕಾಯಣ" ಎಂದು ಬಷೀರ್ ಸಾಬರು ಬಂದಾಗಿನಿಂದ ಹೇಳುತ್ತಿದ್ದರು. ಮೆಹರುನ್ನೀಸಾ ಬಾಯಿ ಬಿಟ್ಟಿರಲಿಲ್ಲ.

ಅರ್ಧ ಗಂಟೆ ಇತ್ತು. ಆ ಅರ್ಧ ಗಂಟೆ ಏನಾಯಿತು ಎನ್ನುವುದು ಅರ್ಥವಾಗಬೇಕಾದರೆ ನಮ್ಮ ಕೆಲಸದ ಪದ್ಧತಿ ಏನು, ಇವರಿಬ್ಬರು ಯಾರು ಎನ್ನುವುದು ಗೊತ್ತಿರಬೇಕು. ಅದನ್ನು ಮೊದಲು ಹೇಳಿ ಮುಗಿಸುತ್ತೇನೆ.

ನಾನು ಓದಿದ್ದು ದಾವಣಗೆರೆಯಲ್ಲಿ, ಹುಡುಗಿಯರ ಉಚಿತ ಹಾಸ್ಟೆಲಿನಲ್ಲಿದ್ದುಕೊಂಡು. ಬೆಳಗ್ಗೆ ಗಂಟೆ ಬಾರಿಸಿದಾಗ ಹಾಸಿಗೆ ಸುತ್ತಿ ಮೂಲೆಗಿಟ್ಟಿರಬೇಕು. ಉಂಡ ತಟ್ಟೆ ತೊಳೆದು ಬೋರಲು ಹಾಕಿರಬೇಕು. ಸಾಲು ತಪ್ಪಿದವಳಿಗೆ ಅಂದು ಸಾರು ಕೊನೆಗೆ. ಆಗ ವಾರ್ಡನ್ನರನ್ನು ಎಲ್ಲರಂತೆ ನಾನೂ ಬೈದುಕೊಂಡಿದ್ದೇನೆ. ಬಿ.ಕಾಂ. ಮುಗಿಸಿ ಅದೇ ಊರಿನ ವೀರಭದ್ರಪ್ಪನವರ ಶೇರು ಕಚೇರಿಗೆ ಗುಮಾಸ್ತೆಯಾಗಿ ಸೇರಿದ ಮೇಲೆ ಬೈಯುವುದನ್ನು ಬಿಟ್ಟೆ.

ವೀರಭದ್ರಪ್ಪನವರು ಬಿಳಿ ಅಂಗಿ, ಬಿಳಿ ಪಂಚೆ, ಕಿವಿಯ ಮೇಲೆ ಪೆನ್ಸಿಲ್ ಇಟ್ಟುಕೊಂಡ ಮನುಷ್ಯ. ಮೊದಲ ದಿನವೇ ಅವರು ಕಲಿಸಿದ್ದು ಇದು: ಗ್ರಾಹಕರು ಏನು ಹೇಳಿದರೋ ಅದನ್ನು ಅವರಿಗೇ ತಿರುಗಿಸಿ ಹೇಳಬೇಕು. ಅವರು ಹೌದು ಅಂದ ಮೇಲೆ ಬರೆಯಬೇಕು.

"ನೋಡವ್ವ ಗಿರಿಜಾ, ನಾನು ಕೇಳಿಸ್ಕೊಂಡೆ ಅಂದ್ರೆ ಸಾಲಲ್ಲ. ನೀನು ಕೇಳಿಸ್ಕೊಂಡಿದ್ದು ಅವರಿಗೂ ಕೇಳ್ಬೇಕು."

ಅವರು ಮನೆಯಲ್ಲೂ ಹಾಗೆಯೇ ಇದ್ದರಂತೆ. ಅವರ ಹೆಂಡತಿ ಒಮ್ಮೆ ಕಚೇರಿಗೆ ಬಂದಾಗ ನಮ್ಮೆದುರಿಗೇ ಹೇಳಿದರು: "ಒಂದು ಕೇಜಿ ಬದನೆಕಾಯಿ ತರ್ರಿ ಅಂದ್ರೆ, ಬದನೆಕಾಯಿ, ಒಂದು ಕೇಜಿ, ಹೌದಾ ಅಂತಾರೆ. ಹೌದು ಅಂತೀನಿ. ಹೋಗಿ ಹೀರೇಕಾಯಿ ತರ್ತಾರೆ." ವೀರಭದ್ರಪ್ಪನವರು ತಲೆ ಎತ್ತದೆ, "ಬದನೆಕಾಯಿ ಹುಳ ಹಿಡಿದಿತ್ತು" ಎಂದರು. ಆದರೆ ಶೇರಿನ ವಿಷಯದಲ್ಲಿ ಅವರು ಯಾರ ಮನೆಗೂ ಬದನೆಯ ಬದಲು ಹೀರೆ ಕಳಿಸಿದ್ದನ್ನು ನಾನು ಕಾಣೆ.

ಆಗೆಲ್ಲ ಶೇರು ಎಂದರೆ ಕಾಗದ. ಮಾರುವವರು ವರ್ಗಾವಣೆ ಪತ್ರಕ್ಕೆ ಸಹಿ ಹಾಕಿ, ಶೇರು ಪತ್ರದ ಜೊತೆ ಲಗತ್ತಿಸಿ ಕೊಡಬೇಕು. ಅದು ಮುಂಬೈಗೋ ಮದ್ರಾಸಿಗೋ ಹೋಗಿ, ಕಂಪನಿಯವರು ಹಳೆಯ ಸಹಿಗೆ ತಾಳೆ ನೋಡಿ, ಒಂದು ಗೀಟು ಆಚೀಚೆಯಾಗಿದ್ದರೂ ವಾಪಸ್ಸು ಕಳಿಸುತ್ತಿದ್ದರು. ಬಷೀರ್ ಸಾಬರ ಪರಿಚಯವಾದದ್ದು ಹೀಗೆ ವಾಪಸ್ಸು ಬಂದ ಒಂದು ಲಕೋಟೆಯಿಂದ.

ಸಾಬರದು ಹೊನ್ನಾಳಿಯಲ್ಲಿ ರೇಡಿಯೋ, ಟಿ.ವಿ. ರಿಪೇರಿ ಅಂಗಡಿ. ಬೆರಳ ತುದಿಯಲ್ಲಿ ಬೆಸುಗೆ ಸುಟ್ಟ ಕಲೆಗಳು. ಬೋರ್ಡಿನ ಮೇಲೆ ಕೂದಲೆಳೆಯಷ್ಟು ತಂತಿಯನ್ನು ನಡುಗದೆ ಕೂರಿಸುವ ಕೈ, ಪೆನ್ನು ಹಿಡಿದರೆ ಮಾತ್ರ ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು. ಒಂದೇ ಹಾಳೆಯ ಮೇಲೆ ಮೂರು ಸಹಿ ಹಾಕಿಸಿದರೆ ಮೂರು ಬೇರೆ ಬೇರೆ ಊರಿನವರು ಹಾಕಿದಂತಿರುತ್ತಿತ್ತು.

"ಸಾಬ್ರೆ, ಇದೇನ್ರೀ ಇದು?" ಎಂದು ಕೇಳಿದೆ.

"ಅದು ಕೈಗೆ ಬಂದಂಗೆ ಬರ್ತೈತೆ ಅಕ್ಕಾರೆ. ಸ್ಟೇಷನ್ ಹಿಡಿದಂಗೆ. ಒಂದಿನ ಧಾರವಾಡ ಬರ್ತೈತೆ, ಒಂದಿನ ಸಿಲೋನ್ ಬರ್ತೈತೆ."

ಮತ್ತೆ ಮತ್ತೆ ವಾಪಸ್ಸು ಬಂದ ಮೇಲೆ ವೀರಭದ್ರಪ್ಪನವರು ಅವರನ್ನು ಕೂರಿಸಿಕೊಂಡು ಕೇಳಿದರು. "ಮನೇಲಿ ನೆಟ್ಟಗೆ ಸಹಿ ಹಾಕೋರು ಯಾರಾದ್ರೂ ಅದಾರಾ?"

"ನಮ್ಮ ಮನೆಯಾಕೆ ಅದಾಳೆ ಸಾರ್. ಅವಳು ಹೊಲಿಗೆ ಹಾಕಿದ್ರೂ ಸೀದಾ, ಸಹಿ ಹಾಕಿದ್ರೂ ಸೀದಾ."

ಮೆಹರುನ್ನೀಸಾ ಅದೇ ಅಂಗಡಿಯ ಮುಂಭಾಗದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದರು. ಮುಂದಿನ ಅರ್ಧ ಅವರದು, ಹಿಂದಿನ ಅರ್ಧ ಸಾಬರದು. ಶೇರುಗಳು ಮೆಹರುನ್ನೀಸಾ ಅವರ ಹೆಸರಿಗೆ ಬಂದವು. ಮುಂದೆ ಶೇರುಗಳನ್ನು ಕಂಪ್ಯೂಟರಿನ ಲೆಕ್ಕದಲ್ಲೇ ಇಡುವ ಡಿಮ್ಯಾಟ್ ಬಂದು ಕಾಗದ ಹೋಯಿತು, ಸಹಿಯ ಕಾಟವೂ ಹೋಯಿತು. ಆದರೆ ಖಾತೆ ಅವರ ಹೆಸರಿನಲ್ಲೇ ತೆರೆಯಿತು, ಹಾಗೆಯೇ ಉಳಿಯಿತು.

ಡಿಮ್ಯಾಟ್ ಬಂದ ಕಾಲದ ಒಂದು ಪ್ರಸಂಗ ಇಲ್ಲೇ ಹೇಳಿಬಿಡುತ್ತೇನೆ. ಅಷ್ಟು ಹೊತ್ತಿಗೆ ನಾನು ವೀರಭದ್ರಪ್ಪನವರ ಕಚೇರಿಯ ಪ್ರತಿನಿಧಿಯಾಗಿ ಚನ್ನಗಿರಿಗೆ ಬಂದಿದ್ದೆ. ಸೋಮವಾರ ಮತ್ತು ಶುಕ್ರವಾರ ಚನ್ನಗಿರಿ, ಮಂಗಳವಾರ ನ್ಯಾಮತಿ, ಬುಧವಾರ ಜಗಳೂರು, ಗುರುವಾರ ಹೊನ್ನಾಳಿ. ಬಸ್ಸಿನ ಕಂಡಕ್ಟರುಗಳು ನನ್ನನ್ನು ನೋಡಿ ವಾರ ತಿಳಿಯುತ್ತಿದ್ದರು. ನ್ಯಾಮತಿಯ ಜವಳಿ ವ್ಯಾಪಾರಿಯೊಬ್ಬರಿಗೆ, ನಿಮ್ಮ ಕಾಗದದ ಶೇರುಗಳನ್ನೆಲ್ಲ ತನ್ನಿ, ಡಿಮ್ಯಾಟ್ ಮಾಡಿಸೋಣ, ಹರಿಯದಂತೆ ಮಡಿಸದಂತೆ ಜೋಪಾನವಾಗಿ ತನ್ನಿ ಎಂದು ಹೇಳಿ ಬಂದೆ. ಮುಂದಿನ ಮಂಗಳವಾರ ಅವರು ನಗುತ್ತಾ ಬಂದರು. ಒಂದೊಂದು ಶೇರು ಪತ್ರಕ್ಕೂ ಎರಡೂ ಬದಿ ಪ್ಲಾಸ್ಟಿಕ್ ಹಾಕಿಸಿ ಲ್ಯಾಮಿನೇಷನ್ ಮಾಡಿಸಿದ್ದರು. "ನೀರು ಬಿದ್ರೂ ಏನಾಗಲ್ಲ ಮೇಡಂ" ಎಂದು ಒಂದರ ಮೇಲೆ ಲೋಟದಿಂದ ನೀರು ಹನಿಸಿ ತೋರಿಸಿದರು. ಲ್ಯಾಮಿನೇಷನ್ ಆದ ಪತ್ರ ಯಾವ ಕಂಪನಿಯೂ ತೆಗೆದುಕೊಳ್ಳುವುದಿಲ್ಲ. ಪ್ರತಿಯೊಂದಕ್ಕೂ ನಕಲು ಪತ್ರ ತರಿಸಲು ಅವರೂ ನಾನೂ ಎಷ್ಟು ಕಾಗದ ಬರೆದೆವೋ. ಗ್ರಾಹಕರಿಗೆ ಜೋಪಾನ ಎಂದರೆ ಸಾಲದು, ಜೋಪಾನ ಎಂದರೆ ಏನು ಮಾಡಬಾರದು ಎನ್ನುವುದನ್ನೂ ಹೇಳಬೇಕು ಎಂದು ಅಂದು ಕಲಿತೆ. ಅವರು ಈಗಲೂ ಸಿಕ್ಕಾಗ, "ನೀರು ಹಾಕಿ ತೋರಿಸ್ಲಾ?" ಎಂದು ಕೇಳಿ ತಾವೇ ನಗುತ್ತಾರೆ.

ನಮ್ಮ ಕಡೆಯವರು ಮಾಡುವ, ಬೇರೆ ಕಡೆಯವರು ಮಾಡದ ತಪ್ಪು ಇನ್ನೊಂದಿದೆ. ಇದನ್ನು ಹೊಸಬರು ಗಮನವಿಟ್ಟು ಓದಬೇಕು. ಚನ್ನಗಿರಿಯ ಸುತ್ತ ಅಡಿಕೆ ಬೆಳೆದವರು ಮೂಟೆ ತಂದು ಮಂಡಿಯಲ್ಲಿಟ್ಟು, "ರೇಟ್ ಬಂದಾಗ ಕೊಡ್ರಿ" ಎಂದು ಹೇಳಿ ಊರಿಗೆ ಹೋಗುತ್ತಾರೆ. ಎಷ್ಟು ಬಂದಾಗ ಎಂದು ಹೇಳುವುದಿಲ್ಲ. ಮಂಡಿಯವನು ತಲೆಮಾರಿನಿಂದ ಗೊತ್ತಿದ್ದವನು, ಅವನು ನೋಡಿಕೊಳ್ಳುತ್ತಾನೆ. ಆ ನಂಬಿಕೆಯಲ್ಲಿ ತಪ್ಪೇನಿಲ್ಲ. ಕೆರೆಬಿಳಚಿ, ಬಸವಾಪಟ್ಟಣದ ಕಡೆಯವರು ಅದೇ ನಂಬಿಕೆಯನ್ನು ಹೊತ್ತುಕೊಂಡು ನನ್ನ ಕಚೇರಿಯ ಮೆಟ್ಟಿಲು ಹತ್ತಿದರು. ಶೇರು ಕೊಂಡು, "ರೇಟ್ ಬಂದಾಗ ನೀವೇ ಮಾರಿಬಿಡ್ರಿ ಮೇಡಂ" ಎಂದು ಹೇಳಿ ಹೊರಟುಬಿಡುತ್ತಿದ್ದರು.

ಶೇರಿನಲ್ಲಿ ಅದು ನಡೆಯುವುದಿಲ್ಲ. ಯಾವ ಶೇರು, ಎಷ್ಟು, ಯಾವ ಬೆಲೆಗೆ, ಕೊಳ್ಳುವುದೋ ಮಾರುವುದೋ, ಇಷ್ಟನ್ನೂ ಖಾತೆದಾರರೇ ಹೇಳಬೇಕು. ಅವರ ಬದಲು ನಾವು ತೀರ್ಮಾನಿಸುವಂತಿಲ್ಲ. ಒಬ್ಬ ಅಡಿಕೆ ಬೆಳೆಗಾರರು ನನ್ನೆದುರು ಕೂತು, "ಮಂಡಿಯೋನಿಗಿರೋ ಧೈರ್ಯ ನಿಮಗಿಲ್ವಲ್ಲ" ಎಂದು ಮುಖಕ್ಕೆ ಹೊಡೆದಂತೆ ಹೇಳಿ ಖಾತೆ ಬೇರೆಡೆಗೆ ಒಯ್ದರು. ಒಯ್ಯಲಿ ಎಂದೆ. ಮಾಲು ಅವರದು, ಮಾತೂ ಅವರದೇ ಇರಬೇಕು.

ಈ ನಿಯಮ ಹೆಚ್ಚು ಉರಿಸಿದ್ದು ಬಷೀರ್ ಸಾಬರನ್ನು. ಶೇರು ಆರಿಸುವವರು ಅವರು, ಖಾತೆ ಹೆಂಡತಿಯದು. ಅವರು ಫೋನು ಮಾಡಿ ಆರ್ಡರ್ ಹೇಳಿದ ಕೂಡಲೇ ನಾನು, "ಮೆಹರುನ್ನೀಸಾ ಅವರಿಗೆ ಕೊಡ್ರಿ" ಎನ್ನುತ್ತಿದ್ದೆ. ಹೊಲಿಗೆ ಯಂತ್ರದ ಸದ್ದು ನಿಲ್ಲುತ್ತಿತ್ತು.

"ಅವರು ಹೇಳ್ದಂಗೆ ಮಾಡ್ರಿ ಅಕ್ಕಾರೆ."

"ಹಂಗೆ ಆಗಲ್ಲ. ಏನು, ಎಷ್ಟು, ನೀವೇ ಹೇಳ್ರಿ."

ಅವರು ಹೇಳುತ್ತಿದ್ದರು, ನಾನು ತಿರುಗಿಸಿ ಹೇಳುತ್ತಿದ್ದೆ, ಅವರು ಹೌದು ಎನ್ನುತ್ತಿದ್ದರು. ಹಿಂದಿನಿಂದ ಸಾಬರ ದನಿ: "ನನ್ನ ದುಡ್ಡಿಗೆ ನನ್ನ ಹೆಂಡ್ತಿ ಹತ್ರ ಪರ್ಮಿಷನ್ ತಗಳಾ ಹಂಗಾತಲ್ಲಪ್ಪ!" ಮಾರುವಾಗ ಖಾತೆದಾರರ ಮೊಬೈಲಿಗೆ ಬರುವ ಒ.ಟಿ.ಪಿ. ಹೇಳಬೇಕು ಎನ್ನುವ ಕ್ರಮ ಬಂದಾಗ ನಾನು ಆಕೆಗೆ ಬೇರೆ ಫೋನು ಕೊಡಿಸಲೇಬೇಕೆಂದು ಹಟ ಹಿಡಿದೆ. "ಒಂದು ಮನೆಗೆ ಎರಡು ಫೋನ್ ಯಾಕ್ರೀ?" ಎಂದು ಒಂದು ತಿಂಗಳು ವಾದಿಸಿ ಕೊನೆಗೆ ಕೊಡಿಸಿದರು.

ಸಾಬರು ಬ್ಯಾಂಕಿನ ಶೇರು ಕೊಳ್ಳುತ್ತಿರಲಿಲ್ಲ, ಬಡ್ಡಿ ಎಂದು. ಮದ್ಯದ ಕಂಪನಿಯ ಕಡೆ ನೋಡುತ್ತಿರಲಿಲ್ಲ. ಹೀಗೆ ಒಂದೊಂದನ್ನೇ ಬಿಡುತ್ತಾ ಬಂದು ಅವರ ಕಣ್ಣು ಸೆಮಿಕಂಡಕ್ಟರ್ ಚಿಪ್ ಮಾಡುವ ಕಂಪನಿಗಳ ಮೇಲೆ ನಿಂತಿತು. ಅದಕ್ಕೆ ಅವರ ಕಾರಣ ಬೇರೆಯೇ ಇತ್ತು.

"ಅಕ್ಕಾರೆ, ನಾನು ಕೆಲಸ ಕಲಿಯಾಗ ವಾಲ್ವ್ ರೇಡಿಯೋ. ಅದು ಹೋತು. ಆಮೇಲೆ ಟಿ.ವಿ. ಬಂತು, ಒಂದೊಂದು ಪಾರ್ಟು ಬಿಚ್ಚಿ ಹಾಕ್ತಿದ್ದೆ. ಈಗ ನೋಡ್ರಿ, ಎಲ್ಲಾ ಸೇರಿ ಒಂದು ಕರೇ ಚೂರು. ಅದು ಹೋದ್ರೆ ಬೋರ್ಡೇ ಎಸೀರಿ ಅಂತಾರೆ. ನನ್ನ ಅನ್ನ ಕಿತ್ಕೊಂಡಿದ್ದು ಅದೇ. ಅದೇ ನನಗೆ ಅನ್ನ ಹಾಕ್ಲಿ."

ಇಷ್ಟು ಚೆನ್ನಾಗಿ ಶೇರು ಕೊಳ್ಳುವ ಕಾರಣ ಹೇಳಿದವರು ನನಗೆ ಮತ್ತೊಬ್ಬರು ಸಿಕ್ಕಿಲ್ಲ. ಕಾರಣ ಚೆನ್ನಾಗಿದ್ದರೆ ಶೇರೂ ಚೆನ್ನಾಗಿರುತ್ತದೆ ಎಂದೇನಿಲ್ಲ, ಅದು ಬೇರೆ ಮಾತು.

ಚಿಪ್ ಕಂಪನಿ ಎಂದರೆ ಏನು ಎಂದು ನಾನು ಕಲಿತದ್ದು ಅರವತ್ತು ದಾಟಿದ ಮೇಲೆ, ಕಾವ್ಯಳನ್ನು ಪಕ್ಕದಲ್ಲಿ ಕೂರಿಸಿಕೊಂಡು. ಒಂದು ಬಗೆಯವರು ಚಿಪ್ಪಿನ ನಕ್ಷೆ ಬರೆಯುತ್ತಾರೆ. ಇನ್ನೊಂದು ಬಗೆಯವರು ಸಿಲಿಕಾನ್ ಬಿಲ್ಲೆಯ ಮೇಲೆ ಆ ನಕ್ಷೆಯನ್ನು ಮೂಡಿಸುತ್ತಾರೆ. ಅದಕ್ಕೆ ದೊಡ್ಡ ಕಾರ್ಖಾನೆ, ದೊಡ್ಡ ದುಡ್ಡು, ಬಹಳ ನೀರು ಬೇಕು. ಮೂರನೆಯವರು ಆ ಬಿಲ್ಲೆಯನ್ನು ಕತ್ತರಿಸಿ, ಕವಚ ಹಾಕಿ, ಪರೀಕ್ಷೆ ಮಾಡಿ ಕೊಡುತ್ತಾರೆ. ಹೆಸರಿನಲ್ಲಿ ಸೆಮಿಕಂಡಕ್ಟರ್ ಎಂದಿದ್ದರೆ ಇವರು ಯಾವ ಬಗೆ ಎಂದು ಮೊದಲು ಕೇಳಬೇಕು. ಎಷ್ಟೋ ಕಡೆ ಮೂರರಲ್ಲಿ ಒಂದೂ ಇರುವುದಿಲ್ಲ. ಸಾಬರು ಕೊಂಡದ್ದು ಮೂರನೆಯ ಬಗೆಯ ಸಣ್ಣ ಕಂಪನಿ. ಕೈಯಲ್ಲಿ ದುಡ್ಡಾದಾಗಲೆಲ್ಲ ಇಪ್ಪತ್ತು, ಐವತ್ತು ಎಂದು ಕೂಡಿಸುತ್ತಾ ಹೋದರು.

ಜಗಳೂರಿನ ಓಬಳೇಶಪ್ಪನವರೂ ಅದನ್ನೇ ಕೊಂಡಿದ್ದರು. ಅವರು ಮೆಕ್ಕೆಜೋಳದ ವ್ಯಾಪಾರಿ. ಎಲ್ಲಾ ರಾಜ್ಯದವರೂ ಚಿಪ್ ಕಾರ್ಖಾನೆ ಬೇಕು ಎನ್ನುತ್ತಿದ್ದಾರೆಂದು ಸುದ್ದಿಯಲ್ಲಿ ನೋಡಿ ಒಂದು ಬುಧವಾರ ಓಡಿ ಬಂದರು. "ಎಲ್ಲಾರೂ ಒಂದೇ ಬಿತ್ತಿದ್ರೆ ಸುಗ್ಗೀಲಿ ರೇಟ್ ಬೀಳ್ತೈತ್ರಿ ಮೇಡಂ. ಮಾರ್ರಿ ಎಲ್ಲಾ." ಮಾರಿದೆವು. ಆಮೇಲೆ ಆ ಶೇರು ಎರಡರಷ್ಟಾಯಿತು. ಓಬಳೇಶಪ್ಪನವರು ನನ್ನೆದುರು ಕೂತು, "ಬಿತ್ತಾಕೇ ಇನ್ನಾ ಹೊಲ ಹಸನು ಮಾಡಿಲ್ಲ, ನಾನು ಸುಗ್ಗಿ ಲೆಕ್ಕ ಹಾಕ್ಬಿಟ್ಟೆ ನೋಡ್ರಿ" ಎಂದು ತೊಡೆ ತಟ್ಟಿಕೊಂಡು ನಕ್ಕರು. ಚಿಪ್ಪಿಗೂ ಸುಗ್ಗಿ ಇದೆ, ಬರವಿದೆ, ಅದು ನಿಜ. ಯಾವ ತಿಂಗಳಲ್ಲಿ ಎಂದು ಮಾತ್ರ ಯಾವ ಪಂಚಾಂಗದಲ್ಲೂ ಬರೆದಿಲ್ಲ. ನಾನು ಯಾರಿಗೂ ಹೇಳಲು ಹೋಗಲಿಲ್ಲ, ನೀವೂ ಹೋಗಬೇಡಿ.

ಎರಡರಷ್ಟಾದದ್ದು ಹೇಗೆ ಎನ್ನುವುದನ್ನೂ ಹೇಳಬೇಕು. ವಿದೇಶದ ಕಾರು ಕಂಪನಿಯೊಂದು ಇವರಿಗೆ ದೊಡ್ಡ ಆರ್ಡರ್ ಕೊಟ್ಟಿದೆ ಎಂದು ವಾಟ್ಸಾಪಿನಲ್ಲಿ ಒಂದು ಸುದ್ದಿ ಹರಿದಾಡಿತು. ಶೇರು ದಿನಾ ಮೇಲಿನ ಗೆರೆ ಮುಟ್ಟಿ ನಿಲ್ಲುತ್ತಿತ್ತು. ಆ ದಿನಗಳಲ್ಲಿ ಬಷೀರ್ ಸಾಬರು ಗುರುವಾರ ಬಂದರೆ ಮೆಟ್ಟಿಲನ್ನು ಎರಡೆರಡು ಹಾರಿ ಬರುತ್ತಿದ್ದರು. "ಮಾರೋ ಯೋಚನೆ ಐತಾ ಸಾಬ್ರೆ?" ಎಂದು ಕೇಳಿದರೆ, "ರೇಟ್ ಇನ್ನಾ ಬರ್ಬೇಕು" ಎನ್ನುವರು. "ಎಷ್ಟು ಬಂದ್ರೆ ಬಂದಂಗೆ?" ಎಂದರೆ ನಕ್ಕು ಚಹಾ ತರಿಸುವರು. ಅಷ್ಟರಲ್ಲಿ ಆ ಕಂಪನಿಯವರೇ, ಅಂಥ ಆರ್ಡರ್ ಯಾವುದೂ ಇಲ್ಲ ಎಂದು ವಿನಿಮಯ ಕೇಂದ್ರಕ್ಕೆ ಬರೆದುಕೊಟ್ಟರು. ಮರುದಿನದಿಂದ ಶೇರು ಕೆಳಗಿನ ಗೆರೆಗೆ ಬಿತ್ತು. ಅದೇ ವಾರ ಅಂಗಡಿಯ ಮಾಲೀಕರ ಮಕ್ಕಳು ಬಂದು ಶುಕ್ರವಾರದ ಗಡುವು ಹೇಳಿ ಹೋದರು.

ಇನ್ನು ಆ ಗುರುವಾರದ ಅರ್ಧ ಗಂಟೆಗೆ ಬರುತ್ತೇನೆ.

ಸಲಹೆ ಕೊಡುವುದು ನನ್ನ ಕೆಲಸವಲ್ಲ. ಗೊತ್ತಿರುವ ಸಂಗತಿ ಹೇಳುವುದು ನನ್ನ ಕೆಲಸ. ಇಬ್ಬರಿಗೂ ಕೇಳುವಂತೆ ಹೇಳಿದೆ. ಇವತ್ತಿನ ಕೆಳಗಿನ ಗೆರೆ ಇಷ್ಟು. ಆ ಬೆಲೆಗೆ ಹೋದರೂ ನೀವು ಕೊಂಡದ್ದಕ್ಕಿಂತ ಮೇಲೆಯೇ ಇದೆ. ನಿನ್ನೆ ಸಾಲಿನಲ್ಲಿ ನಿಂತವರಲ್ಲಿ ಸ್ವಲ್ಪ ಜನರ ಮಾಲು ಮಾತ್ರ ಹೋಗಿದೆ. ಒಂಬತ್ತಕ್ಕೆ ನಿಂತರೂ ಹೋಗೇಹೋಗುತ್ತದೆಂದು ಹೇಳಲಾರೆ. ನಾಳೆ ಮಾರಿದರೆ ದುಡ್ಡು ಸಂಜೆಯ ಗಡುವಿಗೆ ಸಿಗುವುದಿಲ್ಲ.

"ಕೇಳಿದ್ಯಾ? ಹೋಗೇಹೋಗ್ತೈತೆ ಅಂತ ಅವರೇ ಹೇಳಲ್ಲ" ಎಂದರು ಸಾಬರು. "ಎಂಟು ದಿನ ಬಿದ್ದಿದ್ದು ಒಂಬತ್ತನೇ ದಿನ ಎದ್ದೇ ಏಳ್ತೈತೆ. ಮಾಲೀಕರ ಮಕ್ಕಳ ಕೈಕಾಲು ಹಿಡೀತೀನಿ. ಒಂದು ವಾರ ಟೈಮ್ ಕೇಳ್ತೀನಿ."

"ಕೇಳಿದ್ರಲ್ಲ ಮೊನ್ನೆ" ಎಂದರು ಮೆಹರುನ್ನೀಸಾ. ಅಂದು ಅವರಾಡಿದ ಮೊದಲ ಮಾತು ಅದು.

"ಇನ್ನೊಂದ್ಸಲ ಕೇಳ್ತೀನಿ."

"ಅವರು ಷೋರೂಮ್‌ನೋರಿಗೆ ಅಳತೆ ಕೊಟ್ಟಾಗೈತೆ. ನಿನ್ನೆ ನೀವು ಇಲ್ದಾಗ ಟೇಪ್ ಹಿಡ್ಕಂಡು ಬಂದಿದ್ರು. ನನ್ನ ಮಿಷನ್ ಸರಿಸಿ ಅಂದ್ರು."

ಸಾಬರಿಗೆ ಇದು ಗೊತ್ತಿರಲಿಲ್ಲ. ಅವರು ಹೆಂಡತಿಯ ಕಡೆ ತಿರುಗಿ, "ಸರಿಸಿದ್ಯಾ?" ಎಂದು ಕೇಳಿದರು.

"ಹ್ಞೂ. ಸರಿಸ್ದೆ. ಅಳತೆ ತಗೊಂಡು ಹೋದ ಮೇಲೆ ಮತ್ತೆ ಅಲ್ಲೇ ಇಟ್ಟೆ."

ಸಾಬರು ನನ್ನ ಕಡೆ ತಿರುಗಿ ಕೈ ಮುಗಿದರು. "ಅಕ್ಕಾರೆ, ನನ್ನ ಕೈಲಿ ಆಗಲ್ಲ. ನೀವು ಇಷ್ಟು ವರ್ಷ ನೋಡೀರಿ. ನೀವೇ ಏನಾದ್ರೂ ಮಾಡ್ರಿ. ಇಟ್ರೂ ಸೈ, ಮಾರಿದ್ರೂ ಸೈ. ಆಮೇಲೆ ಒಂದು ಮಾತು ಕೇಳಲ್ಲ."

ಎಲ್ಲ ನೋಡಿ ಬಂದವಳಿಗೂ ಅದು ಕಷ್ಟದ ಗಳಿಗೆ. ಕೊನೆಯ ದಿನ, ಬೇಕಾದವರು. ಒಂದು ಗುಂಡಿ ಒತ್ತಿದರೆ ಮುಗಿಯಿತು. ಕಾವ್ಯ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕುರ್ಚಿ ತಿರುಗಿಸಿ ಸಾಬರ ಹೆಂಡತಿಯ ಎದುರಿಗೆ ಕೂತೆ.

"ಮೆಹರುನ್ನೀಸಾ, ಖಾತೆ ನಿಮ್ಮದು. ಏನು ಮಾಡಣ ಹೇಳ್ರಿ."

ಅವರು ಗಂಡನ ಮುಖ ನೋಡಲಿಲ್ಲ. ಸೆರಗಿನಲ್ಲಿ ಸಿಕ್ಕಿಸಿಕೊಂಡಿದ್ದ ಸೂಜಿಯೊಂದನ್ನು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದರು.

"ಮಾರ್ರಿ" ಎಂದರು.

"ಎಷ್ಟು?"

"ಮುಂಗಡಕ್ಕೆ ಎಷ್ಟು ಮಾರಿದ್ರೆ ಆಗ್ತೈತೆ?"

ಲೆಕ್ಕ ಹಾಕಿ ಒಂಬೈನೂರು ಎಂದೆ.

"ಒಂಬೈನೂರು ಮಾರ್ರಿ. ಇವತ್ತು ಎಷ್ಟು ಕೆಳಗೆ ಐತೋ ಅಷ್ಟಕ್ಕೇ ಹಾಕ್ರಿ. ಮುಂದಿನ ಸಾಲಲ್ಲಿ ನಿಲ್ಲಿಸ್ರಿ."

"ಸಾವಿರದ ಇನ್ನೂರರಲ್ಲಿ ಒಂಬೈನೂರು, ಕೆಳಗಿನ ಗೆರೆಯ ಬೆಲೆಗೆ, ಮಾರಾಟ. ಮುನ್ನೂರು ಖಾತೆಯಲ್ಲೇ ಉಳಿಯುತ್ತೆ. ಹೌದಾ?"

"ಹೌದು. ಅದು ಇರ್ಲಿ."

ಬಷೀರ್ ಸಾಬರು ಎದ್ದು ಟೋಪಿ ಸರಿಮಾಡಿಕೊಂಡು ಕೆಳಗಿಳಿದು ಹೋದರು. ಮೆಹರುನ್ನೀಸಾ ಚೀಟಿಗೆ ಸಹಿ ಹಾಕಿದರು, ಮೊದಲ ದಿನ ಹಾಕಿದ್ದ ಹಾಗೆಯೇ. ಅವರ ಮೊಬೈಲಿಗೆ ಒ.ಟಿ.ಪಿ. ಬಂತು. ಅಂಕಿ ಅಂಕಿ ಓದಿ ಹೇಳಿದರು. ಕಾವ್ಯ ಎಲ್ಲ ತುಂಬಿ ಬೆರಳು ಎತ್ತಿಕೊಂಡು ಕೂತಳು. ಗಡಿಯಾರದ ಮುಳ್ಳು ಒಂಬತ್ತಕ್ಕೆ ಬಂದದ್ದೇ ಆರ್ಡರ್ ಹೋಯಿತು.

ಆಮೇಲೆ ಕಾಯುವ ಕೆಲಸ. ಇದನ್ನು ಯಾವ ತರಬೇತಿಯಲ್ಲೂ ಕಲಿಸುವುದಿಲ್ಲ. ಮದುವೆ ಮನೆಯವರ ರವಿಕೆ ಇವತ್ತೇ ಕೊಡಬೇಕೆಂದು ಮೆಹರುನ್ನೀಸಾ ಅಂಗಡಿಗೆ ಹೋದರು. ಕಿಟಕಿಯಿಂದ ನೋಡಿದರೆ ಸಾಬರು ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ನಮ್ಮ ಕಡೆ ಬೆನ್ನು ಹಾಕಿ ಕೂತಿದ್ದರು. ಊಟದ ಹೊತ್ತಿಗೆ ನೂರ ನಲವತ್ತು ಶೇರು ಹೋಗಿತ್ತು. ಆಮೇಲೆ ಕದಲಲೇ ಇಲ್ಲ.

ಕಾವ್ಯಳಿಗೆ ತಡೆಯಲಾಗಲಿಲ್ಲ. "ಮೇಡಂ, ಉಳಿದಿದ್ದು ಕ್ಯಾನ್ಸಲ್ ಮಾಡಿ ಹೊಸದಾಗಿ ಹಾಕ್ಲಾ?"

"ಕೈ ತೆಗಿ. ಮುಟ್ಟಿದ್ರೆ ಸಾಲಿನ ತುದಿಗೆ ಹೋಗ್ತೀವಿ."

"ಸುಮ್ನೆ ಕೂತಿರೋದೇ?"

"ಸುಮ್ಮನೆ ಕೂರೋದು ಕೆಲಸ ಅಲ್ಲ ಅಂದ್ಕಂಡೆಯಾ? ಡಬ್ಬಿ ತೆಗಿ, ಊಟ ಮಾಡು."

ಊಟ ಮಾಡಿದೆವು. ಅವಳ ಡಬ್ಬಿಯ ಅವರೆಕಾಳು ಪಲ್ಯ ಚೆನ್ನಾಗಿತ್ತು. ಮಾರುಕಟ್ಟೆ ಮುಚ್ಚಲು ಇನ್ನೊಂದು ಗಂಟೆ ಇರುವಾಗ ಎಲ್ಲಿಂದಲೋ ಒಬ್ಬ ದೊಡ್ಡ ಕೊಳ್ಳುವವನು ಬಂದ. ಉಳಿದ ಏಳುನೂರ ಅರವತ್ತು, ಕಣ್ಣು ಮಿಟುಕಿಸುವುದರೊಳಗೆ ಹೋಯಿತು. ನಮ್ಮ ಹಿಂದೆ ನಿಂತಿದ್ದವರಲ್ಲಿ ಬಹಳಷ್ಟು ಜನ ನಿಂತೇ ಇದ್ದರು. ಕಾವ್ಯ ಕಿಟಕಿಯಿಂದ ತಲೆ ಹೊರಹಾಕಿ, "ಸಾಬ್ರೆ, ಆತು, ಬರ್ರಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಅದು ನನ್ನ ಪದ್ಧತಿಯಲ್ಲ. ಆದರೂ ಅಂದು ಬೈಯಲಿಲ್ಲ.

ಸಾಬರು ನಿಧಾನವಾಗಿ ಮೆಟ್ಟಿಲು ಹತ್ತಿ ಬಂದು ಕೂತರು.

"ಪೂರ್ತಿ ಹೋತಾ?"

"ಒಂಬೈನೂರೂ ಹೋತು."

"ಕೊಂಡೋನು ಯಾರಿರ್ಬೌದು ಅಕ್ಕಾರೆ?"

"ಅದು ನಮಗೆ ಗೊತ್ತಾಗಲ್ಲ ಸಾಬ್ರೆ."

"ಇರ್ಲಿ. ಅವನಿಗೂ ಒಳ್ಳೇದಾಗ್ಲಿ." ತಮ್ಮ ಬೆರಳುಗಳನ್ನು ನೋಡಿಕೊಂಡರು. "ಆದ್ರೂ ಒಂದೇ ಒಂದು ಸಲ ನನ್ನ ಮಾತು ಕೇಳ್ಬೌದಿತ್ತು ನೀವು. ಕಡೇ ದಿನ."

"ಖಾತೆ ನಿಮ್ಮದಲ್ಲ."

"ಗೊತ್ತೈತೆ ಬಿಡ್ರಿ. ನಿಮ್ಮ ದೆಸೆಯಿಂದ ಇಡೀ ಹೊನ್ನಾಳಿಗೇ ಗೊತ್ತೈತೆ."

ಮಾರುಕಟ್ಟೆ ಮುಚ್ಚಿತು. ದಿನದ ವಹಿವಾಟನ್ನು ಖಾತೆದಾರರಿಗೆ ಓದಿ ಹೇಳಿ ದೃಢೀಕರಿಸಿಕೊಳ್ಳುವುದು ಬಾಕಿ ಇತ್ತು. ಕಾವ್ಯ ಮಾಡುತ್ತೇನೆಂದಳು. ಇವತ್ತಿನದು ನನ್ನದು ಎಂದು ಫೋನು ನಾನೇ ತೆಗೆದುಕೊಂಡೆ. ಸಾಬರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಆ ಕಡೆ ಹೊಲಿಗೆ ಯಂತ್ರ ನಿಂತಿತು. ಎಷ್ಟು ಹೋಯಿತು, ಯಾವ ಬೆಲೆಗೆ, ಖರ್ಚು ಕಳೆದು ಎಷ್ಟು, ನಾಳೆ ಯಾವ ಬ್ಯಾಂಕಿಗೆ ಬರುತ್ತದೆ, ಎಲ್ಲ ಓದಿದೆ. ಒಂದೊಂದಕ್ಕೂ ಹೌದು ಎಂದರು.

"ಖಾತೆಯಲ್ಲಿ ಉಳಿದದ್ದು ಮುನ್ನೂರು."

"ಹೌದು."

ಮುಂದಿನದು ಕೇಳುವ ಅಗತ್ಯವಿರಲಿಲ್ಲ. ಆದರೂ ಕೇಳಿದೆ. "ಅಷ್ಟು ಯಾಕೆ ಬಿಟ್ರಿ ಮೆಹರುನ್ನೀಸಾ? ಎಲ್ಲಾ ಮಾರಿದ್ರೆ ಕೈಯಲ್ಲಿ ಇನ್ನಷ್ಟು ದುಡ್ಡು ಇರ್ತಿತ್ತಲ್ಲ."

"ಅವರು ಬೆಳಗ್ಗೆ ಎದ್ದ ತಕ್ಷಣ ಕನ್ನಡಕ ಹುಡುಕ್ಕಂಡು ರೇಟ್ ನೋಡ್ತಾರೆ ಅಕ್ಕಾರೆ. ನೋಡಾಕೆ ಏನಾದ್ರೂ ಇರ್ಬೇಕಲ್ಲ."

ಸಾಬರು ಗೋಡೆಯ ಕಡೆ ತಿರುಗಿದರು. ಆಮೇಲೆ ಫೋನಿನ ಹತ್ತಿರ ಬಗ್ಗಿ, "ಮೆಹರೂ, ಆ ಮುನ್ನೂರು ರೇಟ್ ಬಂದಾಗ ನಾನೇ ಮಾರ್ತೀನಿ ನೋಡು" ಎಂದರು.

"ನೀವಲ್ಲ" ಎಂದಿತು ಫೋನು. "ಅದನ್ನೂ ನಾನೇ ಮಾರ್ಬೇಕು. ಅಂಗಡಿಗೆ ಬರ್ರಿ, ಊಟ ಆರೋಗೈತೆ."

ಯಂತ್ರ ಮತ್ತೆ ಶುರುವಾಯಿತು. ಸಾಬರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ನಾನು ದೃಢೀಕರಣ ಆಗಿದೆ ಎಂದು ಕಂಪ್ಯೂಟರಿನಲ್ಲಿ ಗುರುತು ಹಾಕಿ, ವೇಳೆ ನಮೂದಿಸಿ, ನನ್ನ ಹೆಸರಿನ ಲಾಗಿನ್ ಮುಚ್ಚಿದೆ. ಆ ದಿನದ ಕೆಲಸದಲ್ಲಿ ಬಾಕಿ ಯಾವುದೂ ಉಳಿದಿರಲಿಲ್ಲ.